ಸಚೇತಕರ ಕೊಠಡಿಯಿಂದ ಕಿರುತೆರೆಗೆ: ಜೇಮ್ಸ್ ಗ್ರಹಾಂ ಬರೆಯುವ ಬಗೆ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ನಮ್ಮೂರಿನ ಹವ್ಯಾಸಿ ತಂಡಕ್ಕೆ ವರ್ಷಕ್ಕೊಂದು ನಾಟಕ ಬರೆದುಕೊಡುತ್ತೇನೆ. 2020ರ ಲಾಕ್‌ಡೌನ್ ದಿನಗಳಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕಿದ್ದ ‘ದಿಸ್ ಹೌಸ್’ ನಾಟಕ ನೋಡಿ ಬೆರಗಾಗಿದ್ದೆ. ಈಚೆಗೆ ‘ಷರ್ವುಡ್’ ಧಾರಾವಾಹಿ ನೋಡಿದಾಗ ಅದನ್ನು ಬರೆದವರೂ ಅದೇ ಜೇಮ್ಸ್ ಗ್ರಹಾಂ ಎಂದು ತಿಳಿಯಿತು. ಅಲ್ಲಿ ನಾಟಕ ಬರೆದೇ ಹೊಟ್ಟೆ ತುಂಬುತ್ತದೆಯೇ? ಬದುಕಿರುವ ರಾಜಕಾರಣಿಗಳನ್ನು ಅವರ ಹೆಸರಿನಲ್ಲೇ ರಂಗಕ್ಕೆ ತರಲು ಹೇಗೆ ಧೈರ್ಯ ಬರುತ್ತದೆ? ಟಿವಿಯಲ್ಲಿ ಇಷ್ಟು ಹೆಸರು ಮಾಡಿದ ಮೇಲೂ ಅವರು ರಂಗಭೂಮಿಗೆ ಮರಳುತ್ತಲೇ ಇರುವುದು ಏಕೆ? ಅವರಿಂದ ನನ್ನಂಥವನು ಕಲಿಯಬಹುದಾದದ್ದು ಏನು?

ಉತ್ತರ: ನೀವೇ ನೋಡಿದ ನಾಟಕದ ಕೊನೆಯ ಭಾಗವನ್ನು ಒಮ್ಮೆ ನೆನಪಿಸಿಕೊಳ್ಳಿ. 1979ರ ಮಾರ್ಚ್ 28. ಬ್ರಿಟಿಷ್ ಸಂಸತ್ತಿನಲ್ಲಿ ಲೇಬರ್ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ. ಲೇಬರ್ ಪಕ್ಷದ ಉಪ ಮುಖ್ಯ ಸಚೇತಕ ವಾಲ್ಟರ್ ಹ್ಯಾರಿಸನ್ ಎಷ್ಟು ಸಲ ಎಣಿಸಿದರೂ ಒಂದು ಮತ ಕಡಿಮೆ. ಆ ಒಂದು ಮತ ಯಾರ್ಕ್‌ಷೈರಿನಲ್ಲಿ ಸಾಯುವ ಸ್ಥಿತಿಯಲ್ಲಿ ಹಾಸಿಗೆ ಹಿಡಿದಿದೆ. ಎದುರಿನ ಕನ್ಸರ್ವೇಟಿವ್ ಪಕ್ಷದ ಉಪ ಮುಖ್ಯ ಸಚೇತಕ ಜ್ಯಾಕ್ ವೆದರಿಲ್. ಆ ಸದನದಲ್ಲಿ ಹಳೆಯ ಪದ್ಧತಿಯೊಂದಿತ್ತು: ಒಂದು ಪಕ್ಷದ ಸದಸ್ಯ ಕಾಯಿಲೆ ಬಿದ್ದರೆ ಎದುರು ಪಕ್ಷದ ಒಬ್ಬನೂ ಮತದಾನಕ್ಕೆ ಗೈರಾಗಿ ಲೆಕ್ಕ ಸರಿದೂಗಿಸುವುದು. ಬರಹದಲ್ಲಿಲ್ಲ, ಕಾನೂನಿನಲ್ಲಿಲ್ಲ, ಬರಿಯ ಮಾತಿನ ಮೇಲೆ ನಡೆಯುತ್ತಿದ್ದ ವ್ಯವಹಾರ. ಸರ್ಕಾರ ಬೀಳುವ ರಾತ್ರಿ ತನ್ನ ಪಕ್ಷದಲ್ಲಿ ಯಾರನ್ನೂ ಗೈರಾಗಲು ಕೇಳಲಾರೆ ಎನ್ನುತ್ತಾನೆ ವೆದರಿಲ್. ಆದರೆ ಕೊಟ್ಟ ಮಾತು ಮಾತೇ, ಆದ್ದರಿಂದ ನಾನೇ ಹೊರಗುಳಿಯುತ್ತೇನೆ ಎಂದೂ ಹೇಳುತ್ತಾನೆ. ಹಾಗೆ ಮಾಡಿದರೆ ಅವನ ರಾಜಕೀಯ ಬದುಕು ಅಲ್ಲಿಗೆ ಮುಗಿಯಿತು. ಹ್ಯಾರಿಸನ್ ಒಪ್ಪಿಕೊಂಡಿದ್ದರೆ ಸರ್ಕಾರ ಉಳಿಯಬಹುದಿತ್ತು. ಅವನು ಬೇಡವೆನ್ನುತ್ತಾನೆ. 311ಕ್ಕೆ 310. ಒಂದು ಮತದಿಂದ ಸರ್ಕಾರ ಬಿತ್ತು, ಕೆಲವೇ ವಾರಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು.

ಇದು ಕಟ್ಟುಕಥೆಯಲ್ಲ. ಒಬ್ಬ ಯಾರ್ಕ್‌ಷೈರಿನ ಎಲೆಕ್ಟ್ರಿಷಿಯನ್, ಇನ್ನೊಬ್ಬ ಲಂಡನ್ನಿನ ದರ್ಜಿ ಮನೆತನದವನು. ತಾನು ಬಂದ ದಾರಿ ಮರೆಯಬಾರದೆಂದು ವೆದರಿಲ್ ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಟೋಪಿಯೊಂದನ್ನು ಸದಾ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದನಂತೆ. (ಎರಡನೆಯ ಮಹಾಯುದ್ಧದಲ್ಲಿ ಈತ ಭಾರತೀಯ ಸೇನೆಯಲ್ಲಿದ್ದ. ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡು ಮಾಂಸ ಬಿಟ್ಟ. ಇದಕ್ಕೂ ನಾಟಕಕ್ಕೂ ಸಂಬಂಧವಿಲ್ಲ, ಆದರೆ ಆ ಮನುಷ್ಯ ಎಂಥವನೆಂದು ತಿಳಿಯಲು ಸಾಕು.) ಆ ಐದು ವರ್ಷಗಳ ರಾಜಕಾರಣವನ್ನು ಬರೆಯಲು ಹೊರಟ ಬೇರೆ ಯಾರಾದರೂ ಆಗಿದ್ದರೆ ಆಗಿನ ಪ್ರಧಾನಿಗಳಾದ ವಿಲ್ಸನ್ ಮತ್ತು ಕ್ಯಾಲಹನ್, ಜೊತೆಗೆ ಥ್ಯಾಚರ್, ಇವರನ್ನೇ ರಂಗದ ಮೇಲೆ ತರುತ್ತಿದ್ದರು. ಗ್ರಹಾಂ ಅವರನ್ನೆಲ್ಲ ಬಾಗಿಲ ಆಚೆಗೇ ನಿಲ್ಲಿಸಿ, ಮತ ಎಣಿಸುವವರ ಎರಡು ಕೊಠಡಿಗಳಲ್ಲಿ ಕುಳಿತರು. ಸದಸ್ಯರಿಗೆ ಹೆಸರಿನ ಬದಲು ಸ್ಪೀಕರ್ ಕೂಗುವ ಕ್ಷೇತ್ರದ ಹೆಸರನ್ನೇ ಕೊಟ್ಟರು. ಅತಂತ್ರ ವಿಧಾನಸಭೆ, ರೆಸಾರ್ಟ್, ಬಸ್ಸುಗಳಲ್ಲಿ ಶಾಸಕರ ಸಾಗಾಟ ಇವೆಲ್ಲ ಕಂಡ ನಮಗೆ ಆಂಬುಲೆನ್ಸಿನಲ್ಲಿ ರೋಗಿಗಳನ್ನು ತಂದು ಸಂಸತ್ತಿನ ಅಂಗಳದಲ್ಲಿ ನಿಲ್ಲಿಸಿ ತಲೆ ಎಣಿಸುವ ಆ ದೃಶ್ಯಗಳು ಅಷ್ಟು ಹತ್ತಿರವೆನಿಸುವುದು ಸಹಜ.

ಗ್ರಹಾಂ ಅವರ ಇಡೀ ಬರವಣಿಗೆಯ ಬೀಗದ ಕೈ ಈ ದೃಶ್ಯದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಒಂದು ಸಂಸ್ಥೆ, ಅದರ ನಿಯಮ, ಆ ನಿಯಮದ ಅಂಚಿಗೆ ಬಂದು ನಿಂತ ಇಬ್ಬರು ಮನುಷ್ಯರು. ಇಬ್ಬರ ವಾದವೂ ಅವರವರ ಮಟ್ಟಿಗೆ ಸರಿ.

ಆ ಸ್ವಭಾವ ಎಲ್ಲಿಂದ ಬಂತು? ಗ್ರಹಾಂ ಹುಟ್ಟಿದ್ದು 1982ರಲ್ಲಿ, ನಾಟಿಂಗ್‌ಹ್ಯಾಮ್‌ಷೈರಿನ ಮ್ಯಾನ್ಸ್‌ಫೀಲ್ಡ್‌ನಲ್ಲಿ. ಬೆಳೆದದ್ದು ಪಕ್ಕದ ಕರ್ಕ್‌ಬಿ-ಇನ್-ಆಷ್‌ಫೀಲ್ಡ್‌ನಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ. 1984-85ರ ಗಣಿ ಮುಷ್ಕರದಲ್ಲಿ ಯಾರ್ಕ್‌ಷೈರಿನವರು ಕೆಲಸ ನಿಲ್ಲಿಸಿದಾಗ ನಾಟಿಂಗ್‌ಹ್ಯಾಮ್‌ಷೈರಿನ ಬಹುಪಾಲು ಕಾರ್ಮಿಕರು ಗಣಿಗೆ ಇಳಿಯುತ್ತಲೇ ಇದ್ದರು. ಅಂಥವರಿಗೆ ‘ಸ್ಕ್ಯಾಬ್’ ಎಂಬ ಬೈಗುಳ ಅಂಟಿತು. ಮನೆ ಮನೆ ಒಡೆಯಿತು, ಅಣ್ಣ ತಮ್ಮಂದಿರು ಮಾತು ಬಿಟ್ಟರು, ಗಣಿಗಳು ಮುಚ್ಚಿದ ಮೇಲೂ ಮಾತು ಬಿಟ್ಟೇ ಇದ್ದರು. ಆಗ ಗ್ರಹಾಂ ಎರಡು-ಮೂರು ವರ್ಷದ ಮಗು. ಮುಷ್ಕರವನ್ನು ಅವರು ಕಂಡದ್ದಲ್ಲ, ಅದು ಬಿಟ್ಟುಹೋದ ಮೌನದಲ್ಲಿ ಬೆಳೆದದ್ದು. ಎರಡೂ ಪಕ್ಷದವರು ಒಂದೇ ಬೀದಿಯ ಪರಿಚಿತರಾಗಿರುವ ಊರಿನಲ್ಲಿ ಬೆಳೆದ ಹುಡುಗನಿಗೆ ಒಬ್ಬನನ್ನು ಖಳನನ್ನಾಗಿ ಬರೆಯುವುದು ಕಷ್ಟವೇ. ನೀವು ನೋಡಿದ ‘ಷರ್ವುಡ್’ (ಬಿಬಿಸಿ, 2022) ನೇರವಾಗಿ ಆ ಮೌನದ ಕಥೆ. 2004ರಲ್ಲಿ ಅವರ ಊರಿನ ಆಸುಪಾಸಿನಲ್ಲೇ ನಡೆದ ಎರಡು ಕೊಲೆಗಳು ಅದಕ್ಕೆ ಪ್ರೇರಣೆ.

ಈಗ ಹೊಟ್ಟೆಪಾಡಿನ ಮಾತು. ಸರ್ಕಾರಿ ಶಾಲೆ, ಆಮೇಲೆ ಹಲ್ ವಿಶ್ವವಿದ್ಯಾಲಯದಲ್ಲಿ ನಾಟಕದ ಪದವಿ. ಮೊದಲು ನೆಲೆ ಸಿಕ್ಕಿದ್ದು ಲಂಡನ್ನಿನ ಅರ್ಲ್ಸ್ ಕೋರ್ಟ್ ಬಳಿಯ ಫಿನ್‌ಬರೋ ಥಿಯೇಟರಿನಲ್ಲಿ. ಥಿಯೇಟರ್ ಎಂದರೆ ಭವ್ಯವಾಗಿ ಕಲ್ಪಿಸಿಕೊಳ್ಳಬೇಡಿ. ಪಬ್ ಒಂದರ ಮಹಡಿ ಮೇಲಿನ ಕೋಣೆ, ಸುಮಾರು ಐವತ್ತು ಕುರ್ಚಿ. ಐನ್‌ಸ್ಟೈನ್ ಕುರಿತ ‘ಆಲ್ಬರ್ಟ್ಸ್ ಬಾಯ್’ (2005), ಸೂಯೆಜ್ ಬಿಕ್ಕಟ್ಟಿನಲ್ಲಿ ಮುಳುಗಿದ ಪ್ರಧಾನಿಯ ಕುರಿತ ‘ಈಡನ್ಸ್ ಎಂಪೈರ್’ (2006), ಬಾಲಕಿ ಥ್ಯಾಚರ್ ಕುರಿತ ‘ಲಿಟಲ್ ಮೇಡಂ’ (2007) ಎಲ್ಲವೂ ಅಲ್ಲೇ ಆದದ್ದು. ಐವತ್ತು ಟಿಕೆಟ್ಟಿನ ರಂಗದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಲಂಡನ್ನಿನಲ್ಲಿ ಬಾಡಿಗೆಯಂತೂ ಹುಟ್ಟುವುದೇ ಇಲ್ಲ.

ಆ ದಿನಗಳ ಒಂದು ನಾಟಕವನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮಂಥ ತಂಡಕ್ಕೆ ‘ದಿಸ್ ಹೌಸ್’ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುವುದು. ಹೆಸರು ‘ದಿ ಮ್ಯಾನ್’ (2010). ಸ್ವಂತ ದುಡಿಮೆಯ ಯುವಕನೊಬ್ಬ ಆದಾಯ ತೆರಿಗೆಯ ಲೆಕ್ಕ ಬರೆಯಲು ಕುಳಿತಿದ್ದಾನೆ. ಪ್ರೇಕ್ಷಕರು ಒಳಗೆ ಬರುವಾಗಲೇ ಅವರ ಕೈಗೆ ಅವನ ವರ್ಷದ ರಸೀದಿಗಳನ್ನು ಹಂಚಲಾಗಿದೆ. ಅವನು ಒಬ್ಬೊಬ್ಬರಿಂದ ಒಂದೊಂದು ರಸೀದಿ ಇಸಿದುಕೊಳ್ಳುತ್ತಾನೆ, ಅದರ ಹಿಂದಿನ ಘಟನೆಯನ್ನು ಹೇಳುತ್ತಾನೆ. ಯಾವ ರಸೀದಿ ಮೊದಲು ಬಂತು ಎಂಬುದರ ಮೇಲೆ ಆ ರಾತ್ರಿಯ ಕಥೆಯ ಕ್ರಮ. ನಾಳೆ ಇನ್ನೊಂದು ಕ್ರಮ. ತೆರಿಗೆ ಅರ್ಜಿಯಂಥ ಒಣ ಕಾಗದದಿಂದ ಒಬ್ಬನ ಇಡೀ ವರ್ಷ ಹೊರಬರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಮಗೆ ಇಂಥ ಕಾಗದಗಳ ಬರವಿಲ್ಲ.

2012ರಲ್ಲಿ ‘ದಿಸ್ ಹೌಸ್’ ನ್ಯಾಷನಲ್ ಥಿಯೇಟರಿನ ಮೂರು ರಂಗಗಳಲ್ಲಿ ಅತಿ ಚಿಕ್ಕದಾದ ಕಾಟೆಸ್ಲೋದಲ್ಲಿ ಶುರುವಾಯಿತು. ಪ್ರೇಕ್ಷಕರನ್ನೇ ಸಂಸತ್ತಿನ ಹಸಿರು ಬೆಂಚುಗಳ ಹಾಗೆ ಎದುರುಬದುರು ಕೂರಿಸಿದ್ದರು. ಮರುವರ್ಷವೇ ಅದು ಸಾವಿರಕ್ಕೂ ಹೆಚ್ಚು ಆಸನಗಳ ಆಲಿವಿಯರ್ ರಂಗಕ್ಕೆ ಏರಿತು. ಅಂದರೆ ‘ಆಲ್ಬರ್ಟ್ಸ್ ಬಾಯ್’ನಿಂದ ಕಾಟೆಸ್ಲೋಗೆ ಏಳು ವರ್ಷ. ಅಲ್ಲಿಯ ಪದ್ಧತಿಯನ್ನು ಸ್ಥೂಲವಾಗಿ ಹೇಳುವುದಾದರೆ, ಸಾರ್ವಜನಿಕ ಅನುದಾನ ಪಡೆಯುವ ರಂಗಮಂದಿರಗಳು ಲೇಖಕನಿಗೆ ನಾಟಕ ಬರೆಯುವ ಮೊದಲೇ ಮುಂಗಡ ಕೊಟ್ಟು ಒಪ್ಪಂದ ಮಾಡಿಕೊಳ್ಳುತ್ತವೆ. ಕರಡು ಕೊಟ್ಟಾಗ ಒಂದು ಕಂತು, ಅದನ್ನು ಒಪ್ಪಿಕೊಂಡಾಗ ಇನ್ನೊಂದು. ಪ್ರಯೋಗ ಶುರುವಾದ ಮೇಲೆ ಟಿಕೆಟ್ ಗಳಿಕೆಯಲ್ಲಿ ಪಾಲು. ಹಕ್ಕುಸ್ವಾಮ್ಯ ಲೇಖಕನದೇ. ಟಿವಿಯಲ್ಲಿ ಹಣ ಹೆಚ್ಚು, ಹಿಡಿತ ಕಡಿಮೆ: ನಿರ್ಮಾಪಕರು, ಚಿತ್ರಕಥಾ ಸಂಪಾದಕರು, ವಾಹಿನಿಯವರು ಎಲ್ಲರ ಟಿಪ್ಪಣಿಗಳೂ ಕರಡಿನ ಅಂಚಿನಲ್ಲಿ ಬಂದು ಕೂರುತ್ತವೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನಾಟಕವೊಂದರಿಂದಲೇ ಬದುಕುವವರು ಅಲ್ಲಿಯೂ ವಿರಳ. ಅಲ್ಲಿಯ ಬಹಳಷ್ಟು ನಾಟಕಕಾರರು ಎರಡು ದೋಣಿಯಲ್ಲಿ ಕಾಲಿಟ್ಟವರೇ. ಗ್ರಹಾಂ ಅವರ ದೋಣಿಗಳು ಒಂದೇ ದಿಕ್ಕಿಗೆ ಹೋಗುತ್ತವೆ, ಅಷ್ಟೇ ವ್ಯತ್ಯಾಸ.

ಎರಡನೆಯ ಪ್ರಶ್ನೆ ಧೈರ್ಯದ್ದು. ಇದರಲ್ಲಿ ವ್ಯಕ್ತಿಯ ಧೈರ್ಯಕ್ಕಿಂತ ಕಾನೂನಿನ ಪಾಲು ದೊಡ್ಡದು. 1968ರವರೆಗೆ ಬ್ರಿಟನ್ನಿನಲ್ಲಿ ಪ್ರತಿ ಹೊಸ ನಾಟಕದ ಹಸ್ತಪ್ರತಿಯೂ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆ ಅಧಿಕಾರಿಯ ಕಚೇರಿಗೆ ಹೋಗಿ ಪರವಾನಗಿ ಪಡೆಯಬೇಕಿತ್ತು. ಬದುಕಿರುವ ಗಣ್ಯರನ್ನು ರಂಗದಲ್ಲಿ ತೋರಿಸಲು ಆ ಕಚೇರಿ ಬಿಡುತ್ತಿರಲಿಲ್ಲ. 1968ರ ಥಿಯೇಟರ್ಸ್ ಕಾಯ್ದೆ ಆ ಪದ್ಧತಿಯನ್ನು ಕಿತ್ತುಹಾಕಿತು. ಸತ್ತವರ ಮಾನಹಾನಿ ಅಲ್ಲಿಯ ಕಾನೂನಿನಲ್ಲಿ ದಾವೆಗೆ ನಿಲ್ಲುವುದಿಲ್ಲ. ಬದುಕಿರುವವರ ವಿಷಯದಲ್ಲಿ ಸತ್ಯ ಮತ್ತು ಪ್ರಾಮಾಣಿಕ ಅಭಿಪ್ರಾಯ ಎಂಬ ಸಮರ್ಥನೆಗಳಿವೆ. ಟಿವಿಗೆ ಬಂದರೆ ವಾಹಿನಿಯ ವಕೀಲರು ಸಾಲುಸಾಲಾಗಿ ಓದಿ, ಯಾವುದು ದಾಖಲೆ, ಯಾವುದು ಊಹೆ ಎಂದು ಕೇಳುತ್ತಾರೆ.

ಆದರೆ ಇದನ್ನು ನೋಡಿ ನೀವು ಇಲ್ಲಿ ಹಾಗೆಯೇ ಬರೆಯಲು ಹೊರಡಬೇಡಿ. ನಮ್ಮಲ್ಲಿ ಮಾನಹಾನಿ ಇಂದಿಗೂ ಕ್ರಿಮಿನಲ್ ಅಪರಾಧ. ಸತ್ತವರ ಬಗ್ಗೆ ಆಡಿದ ಮಾತು ಅವರ ಮನೆಯವರ ಭಾವನೆಗೆ ನೋವುಂಟುಮಾಡುವಂತಿದ್ದರೆ ಅದೂ ಅದರೊಳಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮಾನಹಾನಿಯನ್ನು 2009ರ ಕಾಯ್ದೆಯಿಂದಲೇ ತೆಗೆದುಹಾಕಿದ್ದಾರೆ.

ಕಾನೂನು ಬಿಡುವು ಕೊಟ್ಟಿತೆಂದು ಗ್ರಹಾಂ ಕೈಗೆ ಬಂದಂತೆ ಬರೆಯುವವರಲ್ಲ. ಅವರ ನಿಜವಾದ ರಕ್ಷಾಕವಚ ನ್ಯಾಯಬುದ್ಧಿ. ಪ್ರತಿ ಪಾತ್ರಕ್ಕೂ ಅದರ ಅತ್ಯುತ್ತಮ ವಾದವನ್ನು ಬಾಯಿಗೆ ಕೊಡುತ್ತಾರೆ. 2017ರ ‘ಇಂಕ್’ ನೋಡಿ. 1969ರಲ್ಲಿ ರೂಪರ್ಟ್ ಮರ್ಡೋಕ್ ‘ದಿ ಸನ್’ ಪತ್ರಿಕೆಯನ್ನು ಕೊಂಡು ಲ್ಯಾರಿ ಲ್ಯಾಂಬ್ ಎಂಬ ಸಂಪಾದಕನ ಕೈಗೆ ಕೊಟ್ಟ ಕಥೆ. ಪ್ರಸಾರದಲ್ಲಿ ‘ಮಿರರ್’ ಪತ್ರಿಕೆಯನ್ನು ಹಿಂದೆ ಹಾಕಬೇಕೆಂಬುದೇ ಗುರಿ. ಮರ್ಡೋಕ್‌ನನ್ನು ಬೈಯುವ ನಾಟಕ ಬರೆಯುವುದು ಲಂಡನ್ನಿನಲ್ಲಿ ಬಹಳ ಸುಲಭ, ಚಪ್ಪಾಳೆಯೂ ಖಚಿತ. ಗ್ರಹಾಂ ಬರೆದ ಮರ್ಡೋಕ್ ಮಾತ್ರ ಮಡಿವಂತರ ಕೋಟೆಗೆ ಲಗ್ಗೆ ಹಾಕುವ ಹೊರಗಿನವನು. ಮೊದಲ ಅಂಕದಲ್ಲಿ ನಾವೆಲ್ಲ ಅವನ ಪರವೇ. ಆ ಓಟದ ಬೆಲೆ ಎಷ್ಟೆಂದು ಗೊತ್ತಾಗುವ ಹೊತ್ತಿಗೆ ನಾವೂ ಓಡಿ ಆಗಿರುತ್ತದೆ. ಆ ಪಾತ್ರಕ್ಕೆ ಬರ್ಟಿ ಕಾರ್ವೆಲ್ ಲಂಡನ್ನಿನಲ್ಲಿ ಆಲಿವಿಯರ್ ಪ್ರಶಸ್ತಿಯನ್ನೂ ನ್ಯೂಯಾರ್ಕಿನಲ್ಲಿ ಟೋನಿ ಪ್ರಶಸ್ತಿಯನ್ನೂ ಪಡೆದರು.

ಅದೇ ವರ್ಷದ ‘ಲೇಬರ್ ಆಫ್ ಲವ್’ ಕೂಡ ಲಂಡನ್ನಿನ ವಾಣಿಜ್ಯ ರಂಗಮಂದಿರಗಳ ಪ್ರದೇಶವಾದ ವೆಸ್ಟ್ ಎಂಡಿನಲ್ಲಿ, ‘ಇಂಕ್’ ನಡೆಯುತ್ತಿದ್ದ ಸೇಂಟ್ ಮಾರ್ಟಿನ್ಸ್ ಲೇನ್ ಬೀದಿಯಲ್ಲೇ, ಅದೇ ಹೊತ್ತಿಗೆ ಆಡುತ್ತಿತ್ತು. ನಾಟಿಂಗ್‌ಹ್ಯಾಮ್‌ಷೈರಿನ ಲೇಬರ್ ಸಂಸದನೊಬ್ಬನ ಕ್ಷೇತ್ರ ಕಚೇರಿಯಲ್ಲಿ ಕಾಲು ಶತಮಾನ: ಮೊದಲ ಅಂಕ ಕಾಲದಲ್ಲಿ ಹಿಂದಕ್ಕೆ, ಎರಡನೆಯದು ಮುಂದಕ್ಕೆ. 2018ರಲ್ಲಿ ಅತ್ಯುತ್ತಮ ಹೊಸ ಹಾಸ್ಯ ನಾಟಕವೆಂದು ಅದಕ್ಕೆ ಆಲಿವಿಯರ್ ಪ್ರಶಸ್ತಿ ಬಂತು. ಅವರ ಊರಿನ ಆಷ್‌ಫೀಲ್ಡ್ ಕ್ಷೇತ್ರ ಮರುವರ್ಷ, 2019ರಲ್ಲಿ, ಲೇಬರ್ ಕೈತಪ್ಪಿ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು, 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ. ನಾಟಕದ ನಗುವಿನ ಕೆಳಗಿದ್ದ ಆತಂಕ ಸುಳ್ಳಾಗಲಿಲ್ಲ.

ಎರಡೂ ಕಡೆಯವರ ಮಾತು ಕೇಳುವ ಈ ಗುಣ ಒಮ್ಮೊಮ್ಮೆ ದೌರ್ಬಲ್ಯವೂ ಆಗುತ್ತದೆ. ಚಾನೆಲ್ 4ಕ್ಕೆ ಬರೆದ ‘ಬ್ರೆಕ್ಸಿಟ್: ದಿ ಅನ್‌ಸಿವಿಲ್ ವಾರ್’ (2019) ಚಿತ್ರದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಪ್ರಚಾರ ತಂತ್ರಗಾರ ಡೊಮಿನಿಕ್ ಕಮಿಂಗ್ಸ್ ಪಾತ್ರ ಮಾಡಿದರು. ಜನಮತಗಣನೆ ನಡೆದು ಮೂರು ವರ್ಷವೂ ಆಗಿರಲಿಲ್ಲ, ದೇಶ ಇನ್ನೂ ಐರೋಪ್ಯ ಒಕ್ಕೂಟದಿಂದ ಹೊರಬಂದಿರಲಿಲ್ಲ. ಗಾಯ ಹಸಿಯಾಗಿರುವಾಗಲೇ ಚಿತ್ರ ಮಾಡಿದ್ದಕ್ಕೆ ಆಕ್ಷೇಪಗಳು ಬಂದವು. ನನ್ನ ಆಕ್ಷೇಪ ಬೇರೆ. ಕ್ಯಾಮೆರಾ ಒಬ್ಬ ಮನುಷ್ಯನ ಮುಖಕ್ಕೆ ಹತ್ತಿರ ಹೋದಷ್ಟೂ ಅವನು ನಾಯಕನಾಗಿಬಿಡುತ್ತಾನೆ. ರಂಗದ ಮೇಲಾದರೆ ಎದುರಾಳಿಯೂ ಅದೇ ಬೆಳಕಿನಲ್ಲಿ, ಅದೇ ಎತ್ತರದಲ್ಲಿ ನಿಂತಿರುತ್ತಾನೆ, ಯಾರನ್ನು ನೋಡಬೇಕೆಂದು ನಾವು ಆರಿಸಿಕೊಳ್ಳುತ್ತೇವೆ. ಆ ಚಿತ್ರದಲ್ಲಿ ಆ ಆಯ್ಕೆ ನಮಗಿರಲಿಲ್ಲ.

ಇಲ್ಲಿಂದಲೇ ನಿಮ್ಮ ಮೂರನೆಯ ಪ್ರಶ್ನೆಗೆ ದಾರಿ. ಅವರು ರಂಗಕ್ಕೆ ಏಕೆ ಮರಳುತ್ತಾರೆ? ಮತ ಹಾಕುವ ಪ್ರೇಕ್ಷಕ ಅಲ್ಲಿದ್ದಾನೆ ಎಂಬುದೇ ಕಾರಣವೆಂದು ನನಗೆ ತೋರುತ್ತದೆ. ‘ದಿ ವೋಟ್’ (2015) ಒಂದು ಮತಗಟ್ಟೆಯೊಳಗಿನ ಕೊನೆಯ ತೊಂಬತ್ತು ನಿಮಿಷಗಳ ಪ್ರಹಸನ. ಸಾರ್ವತ್ರಿಕ ಚುನಾವಣೆಯ ದಿನವೇ, ಮೇ 7ರ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ, ಲಂಡನ್ನಿನ ಡಾನ್‌ಮಾರ್ ರಂಗದಲ್ಲಿ ಆಡುತ್ತಿದ್ದಂತೆಯೇ ಟಿವಿಯಲ್ಲಿ ನೇರ ಪ್ರಸಾರವಾಯಿತು. ಹತ್ತಕ್ಕೆ ನಿಜವಾದ ಮತಗಟ್ಟೆಗಳೂ ಮುಚ್ಚಿದವು, ನಾಟಕವೂ ಮುಗಿಯಿತು.

ಇದಕ್ಕಿಂತ ಒಳ್ಳೆಯ ಉದಾಹರಣೆ ‘ಕ್ವಿಜ್’. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ನಿಮಗೆ ನೆನಪಿರಬಹುದು. ಅದರ ಬ್ರಿಟಿಷ್ ಮೂಲದಲ್ಲಿ, 2001ರಲ್ಲಿ, ಚಾರ್ಲ್ಸ್ ಇಂಗ್ರಂ ಎಂಬ ಸೇನಾ ಮೇಜರ್ ಹತ್ತು ಲಕ್ಷ ಪೌಂಡ್ ಗೆದ್ದ. ಸರಿಯುತ್ತರ ಬಂದಾಗಲೆಲ್ಲ ಯಾರೋ ಕೆಮ್ಮಿ ಸೂಚನೆ ಕೊಟ್ಟರೆಂದು ಅವನ ಮೇಲೆ, ಹೆಂಡತಿಯ ಮೇಲೆ, ಇನ್ನೊಬ್ಬ ಸ್ಪರ್ಧಿಯ ಮೇಲೆ ಮೊಕದ್ದಮೆ ನಡೆದು 2003ರಲ್ಲಿ ಮೂವರೂ ತಪ್ಪಿತಸ್ಥರೆಂದು ತೀರ್ಪಾಯಿತು. ಗ್ರಹಾಂ 2017ರಲ್ಲಿ ಚಿಚೆಸ್ಟರ್ ರಂಗಕ್ಕೆ ಬರೆದ ನಾಟಕದಲ್ಲಿ ಮೊದಲ ಅಂಕ ಆರೋಪದ ಕಡೆಯ ವಾದ, ಎರಡನೆಯದು ಸಮರ್ಥನೆಯ ಕಡೆಯದು. ಪ್ರತಿ ಕುರ್ಚಿಗೂ ಗುಂಡಿಯಿರುವ ಪುಟ್ಟ ಯಂತ್ರ. ವಿರಾಮಕ್ಕೆ ಮೊದಲು ಒಮ್ಮೆ, ಕೊನೆಗೆ ಒಮ್ಮೆ ಪ್ರೇಕ್ಷಕರು ತೀರ್ಪು ಕೊಡಬೇಕು. ವಿರಾಮದಲ್ಲಿ ‘ತಪ್ಪಿತಸ್ಥ’ ಎಂದು ಒತ್ತಿದವರೇ ಕೊನೆಯಲ್ಲಿ ಮನಸ್ಸು ಬದಲಿಸುವುದು ಅಲ್ಲಿ ಮಾಮೂಲಾಗಿತ್ತು. ತನ್ನ ಬೆರಳು ಎರಡು ಗಂಟೆಯಲ್ಲಿ ಎರಡು ಸಲ ಎರಡು ಕಡೆಗೆ ಹೋದದ್ದನ್ನು ಪ್ರೇಕ್ಷಕನೇ ನೋಡಿಕೊಳ್ಳುತ್ತಾನೆ.

2020ರ ಏಪ್ರಿಲ್‌ನಲ್ಲಿ ಐಟಿವಿಗೆ ಅದನ್ನೇ ಮೂರು ಕಂತುಗಳಾಗಿ ಬರೆದಾಗ ಗುಂಡಿಗಳಿರಲಿಲ್ಲ. ಅದರ ಬದಲು ಗ್ರಹಾಂ ಸಮರ್ಥನೆಯ ವಕೀಲೆಯ ಪಾತ್ರಕ್ಕೆ ಕೊನೆಯ ಕಂತಿನಲ್ಲಿ ಜಾಗ ಬಿಟ್ಟರು. ಹೆಲೆನ್ ಮೆಕ್ರೋರಿ ಆ ವಾದವನ್ನು ಎಷ್ಟು ತಣ್ಣಗೆ ಮಂಡಿಸುತ್ತಾರೆಂದರೆ ಸೋಫಾದಲ್ಲಿ ಕುಳಿತವನೂ ತನ್ನ ಮೊದಲ ಎರಡು ಕಂತುಗಳ ನಂಬಿಕೆಯನ್ನು ಮತ್ತೆ ತಡಕಾಡುತ್ತಾನೆ. ವಿಷಯ ಒಂದೇ, ಮಾಧ್ಯಮ ಬದಲಾದಾಗ ಕೀಲು ಬದಲಾಯಿತು.

ಎಲ್ಲವೂ ಗೆದ್ದಿತೆಂದು ತಿಳಿಯಬೇಡಿ. ಗ್ರಹಾಂ ಬರೆದ, ಎಲ್ಟನ್ ಜಾನ್ ಸಂಗೀತದ ‘ಟ್ಯಾಮಿ ಫೇ’ ಎಂಬ ಸಂಗೀತ ನಾಟಕ ಲಂಡನ್ನಿನಿಂದ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಗಿ, 2024ರ ನವೆಂಬರ್ 14ರಂದು ತೆರೆದು ಡಿಸೆಂಬರ್ 8ಕ್ಕೆ ಮುಚ್ಚಿತು. ಅದೇ ವರ್ಷ ನಾಟಿಂಗ್‌ಹ್ಯಾಮ್ ಪ್ಲೇಹೌಸಿಗೆ ಬರೆದ ‘ಪಂಚ್’ ಮಾತ್ರ ಮರುವರ್ಷ ವೆಸ್ಟ್ ಎಂಡ್ ಮತ್ತು ಬ್ರಾಡ್‌ವೇ ಎರಡರಲ್ಲೂ ಒಟ್ಟಿಗೆ ನಡೆಯಿತು. ಒಂದೇ ಏಟಿಗೆ ಒಬ್ಬನನ್ನು ಕೊಂದ ನಾಟಿಂಗ್‌ಹ್ಯಾಮ್ ಹುಡುಗ, ಸತ್ತವನ ತಂದೆತಾಯಿ, ಇವರು ಎದುರುಬದುರು ಕುಳಿತು ಮಾತಾಡಿದ ನಿಜ ಪ್ರಸಂಗ ಅದು. ನೋಡಿ, ಮತ್ತೆ ಅದೇ: ಇಬ್ಬರ ನಡುವೆ ಒಂದು ಮೇಜು.

ಇನ್ನು ‘ಡಿಯರ್ ಇಂಗ್ಲೆಂಡ್’. 1996ರ ಯೂರೋ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಪೆನಾಲ್ಟಿ ಗೋಲು ಹೊಡೆಯಲಾಗದೆ ಎಡವಿದ ಗ್ಯಾರೆತ್ ಸೌತ್‌ಗೇಟ್ ಮುಂದೆ ಇಂಗ್ಲೆಂಡ್ ತಂಡದ ವ್ಯವಸ್ಥಾಪಕನಾಗಿ, ಹುಡುಗರಿಗೆ ಸೋಲಿನ ಭಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಕಲಿಸಿದ ಕಥೆ. 2023ರಲ್ಲಿ ನ್ಯಾಷನಲ್ ಥಿಯೇಟರಿನಲ್ಲಿ ಬಂತು, ಮರುವರ್ಷ ಅತ್ಯುತ್ತಮ ಹೊಸ ನಾಟಕಕ್ಕಿರುವ ಆಲಿವಿಯರ್ ಪ್ರಶಸ್ತಿ ಪಡೆಯಿತು. 2024ರ ಜುಲೈನಲ್ಲಿ ಸ್ಪೇನ್ ಎದುರು ಯೂರೋ ಫೈನಲ್ ಸೋತು ಸೌತ್‌ಗೇಟ್ ರಾಜೀನಾಮೆ ಕೊಟ್ಟರು. 2025ರಲ್ಲಿ ನಾಟಕ ಮತ್ತೆ ರಂಗವೇರುವಾಗ ಗ್ರಹಾಂ ಪ್ರಶಸ್ತಿ ಗೆದ್ದ ಪಠ್ಯವನ್ನೇ ಬಿಚ್ಚಿ ಅಂತ್ಯವನ್ನು ಹೊಸದಾಗಿ ಬರೆದರು. ಇದು ರಂಗಭೂಮಿ ಮಾತ್ರ ಕೊಡುವ ಸವಲತ್ತು. ಒಮ್ಮೆ ಪ್ರಸಾರವಾದ ಧಾರಾವಾಹಿಯ ಕಂತನ್ನು ಹಾಗೆ ಬಿಚ್ಚಲು ಆಗುವುದಿಲ್ಲ.

ನೀವು ಏನು ಮಾಡಬಹುದು ಎಂದು ಕೇಳಿದ್ದೀರಿ. ‘ಕ್ವಿಜ್’ ನಾಟಕದ ಪಠ್ಯ ಪುಸ್ತಕವಾಗಿ ಸಿಗುತ್ತದೆ. ಅದನ್ನು ಓದಿ, ಆಮೇಲೆ ಮೂರು ಕಂತುಗಳನ್ನು ನೋಡಿ. ಪೆನ್ಸಿಲ್ ಹಿಡಿದು, ಕಿರುತೆರೆಗೆ ಬರುವಾಗ ಯಾವ ದೃಶ್ಯ ಬಿಟ್ಟುಹೋಯಿತು, ಯಾವುದು ಹೊಸದಾಗಿ ಸೇರಿತು ಎಂದು ಅಂಚಿನಲ್ಲಿ ಗುರುತು ಹಾಕಿ. ಅದಾದ ಮೇಲೆ ನಿಮ್ಮ ಮುಂದಿನ ನಾಟಕಕ್ಕೆ ಮುಖ್ಯಮಂತ್ರಿಯೂ ಬೇಡ, ಮಂತ್ರಿಯೂ ಬೇಡ. ಬ್ಯಾಂಕಿನಲ್ಲಿ ಸಾಲ ಮನ್ನಾದ ಪಟ್ಟಿ ತಯಾರಿಸಿದ ಗುಮಾಸ್ತನನ್ನೂ, ಆ ಪಟ್ಟಿಯಲ್ಲಿ ಹೆಸರು ಬಾರದ ರೈತನನ್ನೂ ಒಂದು ಮೇಜಿನ ಆಚೀಚೆ ಕೂರಿಸಿ. ಗುಮಾಸ್ತನ ಮಾತುಗಳನ್ನು ಮೊದಲು ಬರೆಯಿರಿ.